ದ್ವಂದ್ವಸಮಾಸದಲ್ಲಿ ಬಹುವಚನದ ನೆಲೆ: ‘ಗಂಡಹೆಂಡಿರು’ ರೂಪವನ್ನು ಕುರಿತು

ಕನ್ನಡದ ಸಮಾಸಪದಕ್ಕೆ ಬಹುವಚನ ಪ್ರತ್ಯಯ ಕೊನೆಯಲ್ಲೇ ಹತ್ತುತ್ತದೆ, ಇದರಲ್ಲಿ ವಿವಾದವಿಲ್ಲ. ಇಟಾಲಿಯನ್ನಿನ ತೊಡಕು ನಮಗಿಲ್ಲ. ಅಲ್ಲಿ ಸ್ಟೇಷನ್ ಮಾಸ್ತರನೆಂಬ ಅರ್ಥದ ‘ಕಾಪೊಸ್ತಾತ್ಸಿಯೋನೆ’ ಬಹುವಚನದಲ್ಲಿ ‘ಕಾಪಿಸ್ತಾತ್ಸಿಯೋನೆ’ ಆಗಿ ಪೂರ್ವಪದದಲ್ಲಿ ಮಾರ್ಪಡುತ್ತದೆ. ತಿಜೋರಿಯ ಹೆಸರಾದ ‘ಕಾಸ್ಸಾಫೋರ್ತೆ’ಯಲ್ಲಿ ಎರಡೂ ಪದಗಳು ಬದಲಾಗಿ ‘ಕಾಸ್ಸೆಫೋರ್ತಿ’ ಎಂದಾಗುತ್ತದೆ.

ಆದರೆ ಕೊನೆಯಲ್ಲಿ ಹತ್ತಿದ ಪ್ರತ್ಯಯ ಯಾರನ್ನು ಎಣಿಸುತ್ತದೆ? ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ವಚನವನ್ನು ನಾಮಪ್ರಕರಣದಲ್ಲೂ ಸಮಾಸವನ್ನು ಅದರದೇ ಪ್ರಕರಣದಲ್ಲೂ ಇರಿಸಿದ. ಶಾಲೆಯ ವ್ಯಾಕರಣಗಳೂ ಆ ಹಾದಿಯಲ್ಲೇ ನಡೆದುದರಿಂದ, ಉತ್ತರಪದದ ಬಹುವಚನವೇ ಸಮಾಸದ ಬಹುವಚನ ಎಂಬ ಭಾವನೆ ಸದ್ದಿಲ್ಲದೆ ನೆಲೆಯೂರಿದೆ. ‘ಹೆಣ್ಣುಮಗಳು’ ‘ಹೆಣ್ಣುಮಕ್ಕಳು’ ಆಗುವಲ್ಲಿ, ‘ಮೊಮ್ಮಗ’ ‘ಮೊಮ್ಮಕ್ಕಳು’ ಆಗುವಲ್ಲಿ ಅದು ಸರಿ. ದ್ವಂದ್ವಕ್ಕೆ ಅದನ್ನು ಅನ್ವಯಿಸುವುದನ್ನು ನಾನು ಒಪ್ಪಲಾರೆ.

‘ಹೆಂಡಿರು’ ಎಂದರೆ ಒಬ್ಬಳಿಗಿಂತ ಹೆಚ್ಚು ಹೆಂಡತಿಯರು. ‘ಗಂಡಹೆಂಡಿರ ಜಗಳ’ ಎಂದಾಗಲಾದರೋ ಇರುವವರು ಒಬ್ಬ ಗಂಡ, ಒಬ್ಬಳು ಹೆಂಡತಿ. ರೂಪವನ್ನು ಆರಿಸಿಕೊಟ್ಟಿದ್ದು ಉತ್ತರಪದ. ಎಣಿಕೆ ಮಾತ್ರ ಇಡೀ ಜೋಡಿಯದು. ಒಬ್ಬ ಅಣ್ಣ, ಒಬ್ಬ ತಮ್ಮ ಸೇರಿದರೂ ‘ಅಣ್ಣತಮ್ಮಂದಿರು’ ಎನ್ನುತ್ತೇವೆ; ‘ತಮ್ಮಂದಿರು’ ಎಂಬ ರೂಪವಿದ್ದರೂ ಅಲ್ಲಿ ಇಬ್ಬರು ತಮ್ಮಂದಿರು ಇರಬೇಕಾಗಿಲ್ಲ.

ಇದು ಗೌರವ ಬಹುವಚನವಿರಬಹುದೆಂಬ ಆಕ್ಷೇಪ ಬರಬಹುದು. ‘ತಂದೆತಾಯಿಗಳು’ ಎಂಬಲ್ಲಿ ಆ ಶಂಕೆಗೆ ಅವಕಾಶವಿದೆ. ‘ಗುರುಗಳು’ ಎಂದು ಒಬ್ಬರನ್ನೇ ಕರೆಯುವ ರೂಢಿ ನಮ್ಮದು. ಹೆಂಡತಿಯೊಬ್ಬಳನ್ನು ಗೌರವದಿಂದ ‘ಹೆಂಡಿರು’ ಎಂದು ಕರೆಯುವ ರೂಢಿಯಂತೂ ಇಲ್ಲ. ಹಾಗಾಗಿ ಆ ಆಕ್ಷೇಪ ಈ ಪದದ ಮುಂದೆ ನಿಲ್ಲುವುದಿಲ್ಲ.

ಪ್ರತ್ಯಯವೇ ಇಲ್ಲದ ಪ್ರಯೋಗ ಇನ್ನೂ ಬಲವಾದ ಸಾಕ್ಷಿ. ‘ಗಂಡಹೆಂಡತಿ ಬಂದರು’ ಎಂಬಲ್ಲಿ ನಾಮಪದ ಏಕವಚನದ ರೂಪದಲ್ಲೇ ಉಳಿದರೂ ಕ್ರಿಯಾಪದ ಇಬ್ಬರನ್ನು ಎಣಿಸುತ್ತದೆ. ದಕ್ಷಿಣ ಕನ್ನಡದ ಸಿದ್ಧಕಟ್ಟೆಯ ಸುತ್ತಿನ ತುಳುವಿನಲ್ಲೂ ‘ಕಂಡನಿ ಬೊಡೆದಿ ಬತ್ತೆರ್’ ಎನ್ನುವಾಗ ಬಹುತ್ವವನ್ನು ಹೊರುವುದು ‘ಬತ್ತೆರ್’ ಎಂಬ ಕ್ರಿಯಾಪದವೇ. ಬಂಟ್ವಾಳ, ಮೂಡುಬಿದಿರೆಯ ಕಡೆಯವರು ಎರಡೂ ನುಡಿಗಳನ್ನು ಒಂದೇ ಉಸಿರಿನಲ್ಲಿ ಆಡುವವರು. ಅವರ ಮಾತು ಈ ಚರ್ಚೆಯೊಳಗೆ ಬರಲೇಬೇಕು. ಸಂಸ್ಕೃತ ‘ಮಾತಾಪಿತರೌ’ ಎಂದು ದ್ವಿವಚನದಿಂದ ಜೋಡಿಯನ್ನು ಗುರುತಿಸುತ್ತದೆ. ಕನ್ನಡಕ್ಕೆ ಆ ಪ್ರತ್ಯಯವಿಲ್ಲ. ಬಹುವಚನವೇ ಅದರ ಕೆಲಸವನ್ನೂ ಮಾಡುತ್ತಿದೆ ಎಂದು ನನ್ನ ಊಹೆ. ಬಂಧುವಾಚಕ ದ್ವಂದ್ವಗಳ ಮಟ್ಟಿಗೆ, ಅದೂ ಹೊಸಗನ್ನಡದ ಮಟ್ಟಿಗೆ, ಇಷ್ಟು ಹೇಳಬಹುದು. ಹಳಗನ್ನಡಕ್ಕೆ ಇದನ್ನು ಹಿಗ್ಗಿಸಲು ಕಾವ್ಯಪ್ರಯೋಗಗಳನ್ನು ಒಂದೊಂದಾಗಿ ನೋಡಬೇಕು, ಏಕೆಂದರೆ ಛಂದಸ್ಸಿನ ಒತ್ತಡವೂ ಪ್ರತ್ಯಯವನ್ನು ಉಳಿಸಬಹುದು, ಬಿಡಿಸಬಹುದು.

ಬಹುವ್ರೀಹಿಯಲ್ಲಿ ಉತ್ತರಪದದ ಹಿಡಿತ ಇನ್ನೂ ಸಡಿಲ. ‘ಕಣ್ಣು’ ‘ಕಣ್ಣುಗಳು’ ಆದರೂ ‘ಮುಕ್ಕಣ್ಣ’ ‘ಮುಕ್ಕಣ್ಣರು’ ಆಗುತ್ತಾನೆ. ಅಲ್ಲಿ ಎಣಿಕೆಯಷ್ಟೇ ಅಲ್ಲ, ಪ್ರತ್ಯಯದ ಆಯ್ಕೆಯೂ ಅನ್ಯಪದಾರ್ಥದ ಪಾಲಾಗಿದೆ.

ಹಲವು ದಂಪತಿಗಳನ್ನೂ ‘ಗಂಡಹೆಂಡಿರು’ ಎಂದೇ ಹೇಳುವಾಗ ಒಂದು ಜೋಡಿಯೋ ಹಲವು ಜೋಡಿಯೋ ಎಂಬುದು ಸಂದರ್ಭದಿಂದ ಮಾತ್ರ ತಿಳಿಯುತ್ತದೆ. ‘ತಂದೆತಾಯಿಗಳು’, ‘ತಂದೆತಾಯಂದಿರು’ ಎಂಬೆರಡು ರೂಪಗಳು ಈ ಭೇದವನ್ನು ಹಂಚಿಕೊಳ್ಳುವತ್ತ ಸಾಗಿವೆಯೇ? ‘ಗಿಡಮರ’, ‘ಗಿಡಮರಗಳು’ ಎರಡೂ ಸಲ್ಲುವ ನಪುಂಸಕ ದ್ವಂದ್ವಗಳಿಗೆ ಈ ವಾದ ಎಷ್ಟು ಹೊಂದುತ್ತದೆ? ಇವೆರಡಕ್ಕೂ ಬರವಣಿಗೆಗಿಂತ ಆಡುಮಾತಿನ ಸಂಗ್ರಹವೇ ಹೆಚ್ಚು ಆಧಾರ ಕೊಡಬಲ್ಲದು.