ಗಾಲ್ಫ್‌ನ ಕಿರು ಆಟ: ಅಭ್ಯಾಸ ಮತ್ತು ಸುಧಾರಣೆ

ಕಿರು ಆಟ: ಗಾಲ್ಫ್‌ನಲ್ಲಿ ಕುಣಿಗೆ ಸುಮಾರು 100 ಗಜದೊಳಗೆ ಬಂದ ಮೇಲೆ ಆಡುವ ಹೊಡೆತಗಳಿಗೆಲ್ಲ ಸೇರಿ ಇರುವ ಹೆಸರು. ಆಟಗಾರರ ಬಾಯಲ್ಲಿ ಇದು ‘ಶಾರ್ಟ್ ಗೇಮ್’. ‘ಹೋಲ್’ ಎನ್ನುವುದಕ್ಕೆ ಈ ಲೇಖನದಲ್ಲಿ ರಾಯಚೂರು ಸೀಮೆಯ ಆಡುಮಾತಿನ ‘ಕುಣಿ’ಯನ್ನೇ ಇಟ್ಟುಕೊಂಡಿದೆ. ಗೋಲಿ ಆಡಿ ಬೆಳೆದವರಿಗೆ ಕುಣಿ, ಗುರಿ, ಅಳತೆಯ ತಳ್ಳು ಇವ್ಯಾವೂ ಹೊಸದಲ್ಲ. ವ್ಯತ್ಯಾಸ ಗಾತ್ರದ್ದು ಮಾತ್ರ. ಗಾಲ್ಫ್ ಚೆಂಡು 42.67 ಮಿ.ಮೀ.ಗಿಂತ ಸಣ್ಣದಿರಬಾರದು, 45.93 ಗ್ರಾಂಗಿಂತ ಭಾರವಿರಬಾರದು. ಕುಣಿಯ ಅಗಲ 108 ಮಿ.ಮೀ., ಅಂದರೆ ನಾಲ್ಕೂಕಾಲು ಇಂಚು.

ದೂರ ಹೊಡೆಯಲು ತೋಳಿನ ಬಲ ಬೇಕು, ಉದ್ದ ಮೈದಾನ ಬೇಕು. ಕಿರು ಆಟಕ್ಕೆ ಬೇಕಾದದ್ದು ಕಣ್ಣಳತೆ, ಕೈಯ ಹದ, ದಿನವೂ ಅರ್ಧ ಗಂಟೆಯ ಪುರಸೊತ್ತು. ಗ್ರೀನ್, ಅಂದರೆ ಕುಣಿಯ ಸುತ್ತಲ ನುಣುಪು ಹುಲ್ಲಿನ ನೆಲ, ಕೈಗೆಟುಕದ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಕಡೆಯೂ ಇದರ ಬಹುಪಾಲನ್ನು ಕಲಿಯಬಹುದು. ಗಾಲ್ಫ್ ನಡೆದುಬಂದ ದಾರಿಯಲ್ಲಿ ಇದಕ್ಕೆ ಪುರಾವೆಯಿದೆ.

ಹೊಡೆತಗಳು

ಗ್ರೀನ್ ಮೇಲೆ ಚೆಂಡನ್ನು ಉರುಳಿಸಿ ಕುಣಿಗೆ ಹಾಕುವುದು ಪಟ್. ಗ್ರೀನಿನ ಅಂಚಿನಿಂದ ಚೆಂಡನ್ನು ತುಸುವೇ ಹಾರಿಸಿ, ಉಳಿದ ದೂರ ಉರುಳಲು ಬಿಡುವುದು ಚಿಪ್. ಹೆಚ್ಚು ಹಾರಿಸಿ ಕಡಿಮೆ ಉರುಳಿಸುವುದು ಪಿಚ್. ಮರಳುಗುಂಡಿಯಿಂದ ಎತ್ತುವುದು ಬಂಕರ್ ಹೊಡೆತ. ಪಟ್‌ಗೆ ಪಟರ್ ಎಂಬ ಪ್ರತ್ಯೇಕ ಕೋಲಿದೆ. ಉಳಿದವಕ್ಕೆ ಬಳಸುವುದು ಹೆಚ್ಚಾಗಿ ‘ವೆಜ್’ ಕೋಲುಗಳನ್ನು. ಇವುಗಳ ಮುಖ ಹಿಂದಕ್ಕೆ ವಾಲಿರುತ್ತದೆ, ವಾಲಿಕೆ ಹೆಚ್ಚಿದಷ್ಟೂ ಚೆಂಡು ಎತ್ತರ ಹಾರಿ ಬೇಗ ನಿಲ್ಲುತ್ತದೆ. ಪಿಚಿಂಗ್ ವೆಜ್‌ನ ವಾಲಿಕೆ ಸುಮಾರು 46 ಡಿಗ್ರಿ, ಸ್ಯಾಂಡ್ ವೆಜ್‌ನದು 56, ಲಾಬ್ ವೆಜ್‌ನದು 60ರ ಆಸುಪಾಸು.

ಸ್ಯಾಂಡ್ ವೆಜ್ ಬಳಕೆಗೆ ಬಂದದ್ದು ಅಮೆರಿಕದ ಜೀನ್ ಸರಾಜೆನ್ ಅವರಿಂದ. ಕೋಲಿನ ಅಡಿಗೆ ಬೆಸುಗೆಯ ಲೋಹ ಸೇರಿಸಿ, ಹಿಂಬದಿಯ ಅಂಚು ಮುಂಬದಿಗಿಂತ ಕೆಳಗಿರುವಂತೆ ಅವರು ಮಾಡಿಕೊಂಡರು. ಹಾಗಾಗಿ ಕೋಲು ಮರಳಿನಲ್ಲಿ ಹೂತುಹೋಗದೆ ಜಾರಿ ಮೇಲೇಳತೊಡಗಿತು. 1932ರ ಬ್ರಿಟಿಷ್ ಓಪನ್ ಅನ್ನು ಅವರು ಈ ಕೋಲು ಹಿಡಿದೇ ಗೆದ್ದರು.

ಎಷ್ಟು ಮುಖ್ಯ?

ಈ ಬಗ್ಗೆ ಎರಡು ವಾದಗಳಿವೆ. ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್ ಕಲಿಸಲು ಇಳಿದ ಡೇವ್ ಪೆಲ್ಜ್, ಆಟಗಾರನ ಒಟ್ಟು ಹೊಡೆತಗಳಲ್ಲಿ ಶೇ. 60ಕ್ಕೂ ಹೆಚ್ಚು ಕಿರು ಆಟದವೇ ಎಂದು ಎಣಿಸಿ ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಕೇಳಿದ ಪ್ರಶ್ನೆ ಬೇರೆ: ಹೊಡೆತಗಳು ಎಷ್ಟೇ ಇರಲಿ, ಗೆಲ್ಲುವವನಿಗೂ ಉಳಿದವರಿಗೂ ಅಂತರ ಬೀಳುವುದು ಎಲ್ಲಿ? ಅಮೆರಿಕದ ವೃತ್ತಿಪರ ಟೂರ್‌ನ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿದಾಗ, ಅಗ್ರ ಆಟಗಾರರ ಮೇಲುಗೈಯಲ್ಲಿ ಪಟ್‌ನ ಪಾಲು ಶೇ. 15, ಗ್ರೀನಿನ ಸುತ್ತಲ ಆಟದ ಪಾಲು ಶೇ. 17 ಎಂದು ಅವರು ಕಂಡುಕೊಂಡರು. ಉಳಿದದ್ದೆಲ್ಲ ದೂರದ ಹೊಡೆತಗಳದು. 2014ರಲ್ಲಿ ಬಂದ ಅವರ ಪುಸ್ತಕದ ನಂತರ ಕಿರು ಆಟವೇ ಸರ್ವಸ್ವ ಎಂಬ ಹಳೆಯ ಮಾತು ಅಲುಗಾಡಿತು.

ಬ್ರಾಡಿಯವರ ಲೆಕ್ಕ ಸರಿ. ಆದರೆ ಕಲಿಯುವವನ ಮುಂದಿರುವ ಪ್ರಶ್ನೆ ಇನ್ನೊಂದು: ನನ್ನ ಕೈಲಿರುವ ಜಾಗ, ದುಡ್ಡು, ಬಲ ಇವುಗಳಲ್ಲಿ ಏನನ್ನು ಸುಧಾರಿಸಬಹುದು? ಅದಕ್ಕೆ ಉತ್ತರ ಇವತ್ತಿಗೂ ಕಿರು ಆಟವೇ. 1938ರ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ಇದಕ್ಕೆ ದೊಡ್ಡ ನಿದರ್ಶನ. ಸಣ್ಣ ಮೈಕಟ್ಟಿನ ಪಾಲ್ ರನ್ಯನ್ ಆಡಿದ್ದು ತಮಗಿಂತ ಬಹಳ ದೂರ ಹೊಡೆಯುತ್ತಿದ್ದ ಸ್ಯಾಮ್ ಸ್ನೀಡ್ ಎದುರು. ಕಿರು ಆಟದ ಬಲದಿಂದ ರನ್ಯನ್ ಇನ್ನೂ ಏಳು ಕುಣಿ ಬಾಕಿಯಿರುವಾಗಲೇ ಎಂಟು ಕುಣಿಗಳ ಮುನ್ನಡೆ ಪಡೆದು ಪಂದ್ಯ ಮುಗಿಸಿದರು.

ಕನ್ನಡ ನಾಡಿನ ಮಟ್ಟಿಗೆ ನಿದರ್ಶನ ಹುಡುಕಿಕೊಂಡು ಹೋಗಬೇಕಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಎಳವೆಯಲ್ಲೇ ಪಟರ್ ಹಿಡಿದವರು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವ ಮುಂಚೆ ಅವರಿಗೆ ಕೋವಿಡ್ ಆಗಿತ್ತು, ಹೊಡೆತದ ದೂರ ಇನ್ನಷ್ಟು ಇಳಿದಿತ್ತು. 60 ಮಂದಿಯ ಆ ಕಣದಲ್ಲಿ ದೂರದ ಲೆಕ್ಕಕ್ಕೆ ಬಂದರೆ ಅವರು ಕೊನೆಯ ಸಾಲಿನವರು. ಹಾಗಿದ್ದೂ ನಾಲ್ಕು ಸುತ್ತುಗಳಲ್ಲಿ 67, 66, 68, 68 ಬಾರಿಸಿ ಒಟ್ಟು 269ಕ್ಕೆ ಮುಗಿಸಿ ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರದು 267. ಬೆಳ್ಳಿ, ಕಂಚಿಗೆ ಬೇಕಾಗಿದ್ದದ್ದು 268. ಕೊನೆಯ ಕುಣಿಯಲ್ಲಿ ಅದಿತಿ ಹೊಡೆದ ಪಟ್ ಬಿದ್ದಿದ್ದರೆ ಕಂಚಿಗೆ ಸರಿಸಾಟಿಯಾಗುತ್ತಿದ್ದರು. ತಾಯಿಯೇ ಕ್ಯಾಡಿಯಾಗಿ ಚೀಲ ಹೊತ್ತಿದ್ದರು. ಅವತ್ತು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತ ಸಾವಿರಾರು ಜನರಿಗೆ ಗಾಲ್ಫ್ ನಿಯಮಗಳೇ ಗೊತ್ತಿರಲಿಲ್ಲ. ಆದರೆ ಪಟ್ ಅಂದರೇನು ಎಂಬುದು ಅವರಿಗೆ ಅರ್ಥವಾಗಿಹೋಯಿತು.

ಕ್ಯಾಡಿಗಳಾಗಿ ಚೀಲ ಹೊತ್ತು, ಬಿಡುವಿನಲ್ಲಿ ಆಡಿ ಕಲಿತವರ ಪರಂಪರೆಯೂ ಇಲ್ಲಿದೆ. ಹಾಗೆ ಮೇಲೆ ಬಂದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು.

ಕಂದು ಗ್ರೀನು

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಯಿತು. ಆ ಕಾಲದ ಭಾರತದಲ್ಲಿ ದಂಡಿನ ಊರು, ಗಣಿಯ ಊರು ಎಲ್ಲಿದ್ದವೋ ಅಲ್ಲಿಗೆ ಗಾಲ್ಫ್ ಹೋಯಿತು. ಆದರೆ ನೀರಿಲ್ಲದ ಬಯಲುಸೀಮೆಯಲ್ಲಿ ಹುಲ್ಲಿನ ಗ್ರೀನ್ ಬೆಳೆಸುವುದು ಸುಲಭವಿರಲಿಲ್ಲ. ಅದಕ್ಕೇ ಬಂದದ್ದು ‘ಬ್ರೌನ್’: ನೆಲವನ್ನು ಗಟ್ಟಿ ಮಾಡಿ, ಮೇಲೆ ಸಣ್ಣ ಮರಳು ಹರಡಿ, ಗಾಳಿಗೆ ಹಾರದಂತೆ ಎಣ್ಣೆ ಬೆರೆಸಿದ ವೃತ್ತಾಕಾರದ ಆಡುನೆಲ. ಪಟ್ ಹೊಡೆಯುವ ಮುಂಚೆ ಹೆಜ್ಜೆಗುರುತು ಅಳಿಸಲು ಒಂದು ಹಲಗೆ ಎಳೆಯುತ್ತಿದ್ದರು. ಇದು ಬಡ ಊರುಗಳ ಉಪಾಯ ಮಾತ್ರವಲ್ಲ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ಮೈದಾನದ ಗ್ರೀನುಗಳೂ 1930ರ ದಶಕದವರೆಗೆ ಮರಳಿನವೇ ಆಗಿದ್ದವು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಈಗಲೂ ಇವೆ.

ಈ ಕಥೆಗೆ ಲಿಂಗಸುಗೂರು ಸೀಮೆ ಹತ್ತಿರದ್ದು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿ. ಅದೇ ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು 20ನೇ ಶತಮಾನದ ಆರಂಭದಲ್ಲಿ ನಡೆಸಿದ ಜಾನ್ ಟೇಲರ್ ಕಂಪನಿಯೇ ಕೋಲಾರದ ಗಣಿಯನ್ನೂ ನಡೆಸುತ್ತಿತ್ತು. ಕೋಲಾರದ ಆ ಗಣಿಯ ಊರಲ್ಲಿ ಅಧಿಕಾರಿಗಳಿಗೆಂದು ಕ್ಲಬ್ಬೂ ಗಾಲ್ಫ್ ಮೈದಾನವೂ ಎದ್ದವು.

ಬ್ರೌನ್‌ಗೆ ಈ ನೆಲದಲ್ಲೇ ಒಂದು ದಾಯಾದಿಯಿದೆ: ಕಣ. ಸುಗ್ಗಿಗೆ ಮುಂಚೆ ನೆಲ ಕೆತ್ತಿ ಸಮ ಮಾಡಿ, ನೀರು ಚಿಮುಕಿಸಿ, ಗುಂಡುಕಲ್ಲು ಉರುಳಿಸಿ, ಸೆಗಣಿ ಸಾರಿಸಿದ ದುಂಡನೆಯ ಅಂಗಳ. ನಡುವೆ ಒಂದು ಕುಣಿ, ಕುಣಿಯಲ್ಲಿ ನೆಟ್ಟ ಮೇಟಿ, ಸುತ್ತ ಎತ್ತುಗಳ ಹಂತಿ. ಮೇಟಿ ಕಿತ್ತು ಬಾವುಟದ ಕೋಲು ಇಟ್ಟರೆ ಬ್ರೌನ್‌ಗೂ ಕಣಕ್ಕೂ ನೋಟದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಒಕ್ಕಣೆ ಯಂತ್ರ ಬಂದ ಮೇಲೆ ಕಣ ಮಾಡುವವರು ಕಡಿಮೆಯಾಗಿದ್ದಾರೆ, ಆದರೆ ಮಾಡುವ ಹದ ತಿಳಿದ ಹಿರಿಯರು ಊರೂರಲ್ಲಿ ಇದ್ದಾರೆ. ಕಿರು ಆಟ ಕಲಿಯಬೇಕೆನ್ನುವವರು ಮೊದಲು ಹೋಗಿ ಕೇಳಬೇಕಾದದ್ದು ಅವರನ್ನು.

ನೆಲ ಆರಿಸುವಾಗ ಎಚ್ಚರ ಬೇಕು. ಸಿಂಧನೂರು ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಎರೆ ಭೂಮಿ ಭತ್ತಕ್ಕೆ ಹೇಳಿ ಮಾಡಿಸಿದ್ದು, ಇದಕ್ಕಲ್ಲ. ಮಳೆಗೆ ಕಾಲಿಗಂಟುತ್ತದೆ, ಬೇಸಿಗೆಗೆ ಚೆಂಡೇ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮಸಾರಿ ಮಣ್ಣು ಬಡಿದಷ್ಟೂ ಬಿಗಿಯಾಗುತ್ತದೆ, ನೀರು ಬಸಿದುಹೋಗುತ್ತದೆ. ಕುಣಿಗೆ ನಾಲ್ಕಿಂಚಿನ, ಅಂದರೆ 110 ಮಿ.ಮೀ. ಪಿವಿಸಿ ಪೈಪಿನ ಗೇಣುದ್ದದ ತುಂಡು ಸಾಕು. ಹೊಲಕ್ಕೆ ನೀರು ಹಾಯಿಸುವವರ ಮನೆಯಲ್ಲಿ ಅದು ಬಿದ್ದಿರುತ್ತದೆ. 110 ಎನ್ನುವುದು ಹೊರಗಿನ ಅಳತೆ. ಒಳಬಾಯಿ ನಿಜವಾದ ಕುಣಿಗಿಂತ ಕೂದಲೆಳೆಯಷ್ಟು ಕಿರಿದಾಗುತ್ತದೆ, ಅಭ್ಯಾಸಕ್ಕೆ ಅದು ಒಳ್ಳೆಯದೇ. ಪೈಪಿನ ಅಂಚು ನೆಲಕ್ಕಿಂತ ಒಂದು ಇಂಚು ಕೆಳಗಿರಬೇಕು, ಮೇಲೆ ಕಂಡರೆ ಚೆಂಡು ತಾಗಿ ಸಿಡಿಯುತ್ತದೆ.

ಅಭ್ಯಾಸ

ಪಟ್‌ನಲ್ಲಿ ಮೊದಲು ದೂರ, ಆಮೇಲೆ ದಿಕ್ಕು. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. 30 ಅಡಿಯಿಂದ ಒಂದಡಿ ಪಕ್ಕಕ್ಕೆ ಹೋದ ಚೆಂಡಿನಿಂದ ತೊಂದರೆಯಿಲ್ಲ, ಆರಡಿ ಹಿಂದೆ ನಿಂತ ಚೆಂಡು ಇನ್ನೊಂದು ಹೊಡೆತವನ್ನು ತಿನ್ನುತ್ತದೆ. ಅದಕ್ಕೆ ಒಳ್ಳೆಯ ಅಭ್ಯಾಸ ಏಣಿಯಾಟ: 10, 20, 30 ಅಡಿಗೆ ಗೆರೆ ಎಳೆದು, ಪ್ರತಿ ಚೆಂಡು ಹಿಂದಿನದಕ್ಕಿಂತ ಒಂದು ಗೇಣು ಮುಂದೆ ನಿಲ್ಲುವಂತೆ ಹೊಡೆಯುವುದು. ಕುಣಿಯನ್ನು ನೋಡಲೇಬಾರದು. ಹತ್ತಿರದ ಪಟ್‌ಗೆ ಬಾಗಿಲಾಟ: ಚೆಂಡಿನ ಮುಂದೆ ಒಂದು ಮೊಳಕ್ಕೆ, ಚೆಂಡಿಗಿಂತ ತುಸುವೇ ಅಗಲ ಬಿಟ್ಟು ಎರಡು ಮೊಳೆ ಚುಚ್ಚಿ, ಅವುಗಳ ನಡುವೆ ಹಾಯಿಸುವುದು. ಪಟರ್ ಮುಖ ಓರೆಯಾದರೆ ಮೊಳೆಯೇ ಹೇಳುತ್ತದೆ.

ಚೆಂಡು ಯಾವ ವೇಗದಲ್ಲಿ ಕುಣಿ ಮುಟ್ಟಬೇಕು? ಬೀಳದೆ ಹೋದರೆ ಸುಮಾರು 17 ಇಂಚು ದಾಟಿ ನಿಲ್ಲುವ ವೇಗ ಒಳ್ಳೆಯದೆಂದು ಪೆಲ್ಜ್ ಹೇಳಿದರು. ಅದಕ್ಕಿಂತ ಜೋರಾದಷ್ಟೂ ಚೆಂಡಿನ ಪಾಲಿಗೆ ಕುಣಿ ಕಿರಿದಾಗುತ್ತ ಹೋಗುತ್ತದೆ. ಅಂಚು ಮುಟ್ಟಿದ ಚೆಂಡು ಬೀಳುವ ಬದಲು ಸುತ್ತಿ ಹೊರಬರುತ್ತದೆ. ಗೋಲಿಯಲ್ಲೂ ಇದೇ ಕತೆ.

ನಿರೀಕ್ಷೆಯೂ ಹದದಲ್ಲಿರಲಿ. ಅಮೆರಿಕದ ವೃತ್ತಿಪರರು 3 ಅಡಿಯಿಂದ ನೂರಕ್ಕೆ 96 ಹಾಕುತ್ತಾರೆ, 5 ಅಡಿಯಿಂದ 77, 8 ಅಡಿಯಿಂದ 50, 10 ಅಡಿಯಿಂದ ಬರೀ 40. ಎಂಟಡಿಯ ಪಟ್ ತಪ್ಪಿತೆಂದು ತಲೆ ಚಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬದಲಿಗೆ ಚಿಪ್ ಮಾಡುವಾಗಲೇ ಚೆಂಡನ್ನು ಮೂರಡಿಯ ವೃತ್ತದೊಳಗೆ ನಿಲ್ಲಿಸುವುದು ಹೇಗೆಂದು ನೋಡಬೇಕು.

ಚಿಪ್‌ಗೆ ಒಂದು ಸ್ಥೂಲ ಲೆಕ್ಕವಿದೆ. 12ರಲ್ಲಿ ‘ಐರನ್’ ಎಂಬ ಲೋಹದ ಕೋಲಿನ ಸಂಖ್ಯೆ ಕಳೆಯಿರಿ. ಉಳಿದದ್ದು ಚೆಂಡು ಹಾರುವ ಒಂದು ಪಾಲಿಗೆ ಎಷ್ಟು ಪಾಲು ಉರುಳುತ್ತದೆ ಎಂಬುದು. 8ನೇ ಐರನ್‌ನಲ್ಲಿ ಒಂದು ಪಾಲು ಹಾರಿದರೆ ನಾಲ್ಕು ಪಾಲು ಉರುಳು. ಪಿಚಿಂಗ್ ವೆಜ್ ಅನ್ನು 10 ಎಂದು ಹಿಡಿದರೆ ಎರಡು ಪಾಲು. ಇದು ಸಮನೆಯ, ಸಾಧಾರಣ ವೇಗದ ಹುಲ್ಲಿಗೆ. ಸಾರಿಸಿ ಒಣಗಿದ ಕಣದಲ್ಲಿ ಚೆಂಡು ಪುಟಿದು ಇನ್ನೂ ದೂರ ಹೋಗುವುದರಿಂದ ಪಾಲನ್ನು ಅಲ್ಲೇ ಆಡಿ ಕಂಡುಕೊಳ್ಳಬೇಕು. ನೋಡಬೇಕಾದದ್ದು ಕುಣಿಯನ್ನಲ್ಲ, ಚೆಂಡು ಬೀಳಬೇಕಾದ ಜಾಗವನ್ನು. ಅಲ್ಲಿ ಒಂದು ಟವೆಲ್ ಹಾಸಿ, ಅದರ ಮೇಲೆ ಬೀಳಿಸುವುದೇ ಗುರಿ. ಕಾಲು ಹತ್ತಿರ, ಮೈಭಾರ ಎಡಗಾಲಿನ ಮೇಲೆ, ಕೈಗಳು ಚೆಂಡಿಗಿಂತ ತುಸು ಮುಂದೆ, ಮಣಿಕಟ್ಟು ಸಡಿಲಬಾರದು. ಎತ್ತಲು ಹೋದವನ ಚೆಂಡು ಏಳುವುದಿಲ್ಲ, ಎತ್ತುವ ಕೆಲಸ ಕೋಲಿನ ವಾಲಿಕೆಯದು. (ಎಡಗೈ ಆಟಗಾರರಿಗೆ ಕಾಲು ಅದಲುಬದಲು.)

ಪಿಚ್‌ನಲ್ಲಿ ದೂರವನ್ನು ಬಲದಿಂದಲ್ಲ, ಕೈ ಹಿಂದೆ ಹೋಗುವ ಅಳತೆಯಿಂದ ಹಿಡಿಯುತ್ತಾರೆ. ಎಡಗೈಯನ್ನು ಗಡಿಯಾರದ ಮುಳ್ಳೆಂದುಕೊಂಡು ಏಳೂವರೆ, ಒಂಬತ್ತು, ಹತ್ತೂವರೆ ಎಂದು ಮೂರು ಅಳತೆ ಇಟ್ಟುಕೊಂಡರೆ, ನಾಲ್ಕು ವೆಜ್‌ಗಳಿಗೆ ಹನ್ನೆರಡು ದೂರಗಳು ಕೈವಶವಾಗುತ್ತವೆ. ಒಂದೇ ವೆಜ್ ಇದ್ದವನಿಗೆ ಮೂರು, ಅವನ್ನು ಹೆಜ್ಜೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು.

ಒಂದೇ ಜಾಗದಿಂದ ಐವತ್ತು ಚೆಂಡು ಹೊಡೆದರೆ ಅಂದಿನ ಮಟ್ಟಿಗೆ ಕೈ ಚೆನ್ನಾಗಿ ಕೂತಂತೆ ಅನಿಸುತ್ತದೆ, ಮರುದಿನ ಉಳಿಯುವುದು ಕಡಿಮೆ. ಬಗೆಬಗೆಯ ಚಲನೆಗಳನ್ನು ಬೆರೆಸಿ ಕಲಿತವರು ಕಲಿಯುವಾಗ ತಡವರಿಸಿದರೂ ಆಮೇಲೆ ಹೆಚ್ಚು ನೆನಪಿಟ್ಟುಕೊಂಡಿದ್ದನ್ನು ಸಂಶೋಧಕರಾದ ಶೇ ಮತ್ತು ಮಾರ್ಗನ್ 1979ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆದ್ದರಿಂದ ಕೋಲಿನ ಹಿಡಿತ ಕೂತ ಮೇಲೆ ಒಂಬತ್ತು ಬೇರೆ ಬೇರೆ ಜಾಗ ಆರಿಸಿ, ಒಂದೊಂದರಿಂದ ಒಂದೇ ಚೆಂಡು ಹೊಡೆದು, ಅದನ್ನು ಕುಣಿಗೆ ಹಾಕಿಯೇ ಮುಂದಿನದಕ್ಕೆ ಹೋಗಬೇಕು. ಒಂಬತ್ತು ಜಾಗಕ್ಕೆ 18 ಹೊಡೆತವಾದರೆ ಅದು ನುರಿತವನ ಆಟ, 27 ಹೊಸಬನದು. ದಿನದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ತಾರೀಖಿನ ಕೆಳಗೆ ಬರೆಯುತ್ತ ಹೋದರೆ ಎರಡು ತಿಂಗಳಲ್ಲಿ ಇಳಿತ ಕಣ್ಣಿಗೆ ಕಾಣುತ್ತದೆ.

ಬಂಕರ್‌ಗೆ ಮಸ್ಕಿ ಹಳ್ಳದಂಥ ಹಳ್ಳದ ಮರಳು ಸಾಕು. ಸ್ಪೇನಿನ ಸೆವೆ ಬಾಲೆಸ್ಟೆರೋಸ್ ಹುಡುಗನಾಗಿದ್ದಾಗ ಕಲಿತದ್ದು ಊರಿನ ಕಡಲತೀರದ ಮರಳಿನಲ್ಲಿ, ಒಂದೇ ಒಂದು ಹಳೆಯ 3ನೇ ಐರನ್ ಹಿಡಿದು. ಬಂಕರ್ ಹೊಡೆತದಲ್ಲಿ ಕೋಲು ಚೆಂಡನ್ನು ಮುಟ್ಟುವುದೇ ಇಲ್ಲ. ಚೆಂಡಿನ ಹಿಂದೆ ಸುಮಾರು ಎರಡಿಂಚಿಗೆ ಮರಳನ್ನು ಹೊಕ್ಕು, ಆ ಮರಳಿನ ಹೊದಿಕೆಯೇ ಚೆಂಡನ್ನು ಎತ್ತಿಕೊಂಡು ಹೋಗುವಂತೆ ಬೀಸಬೇಕು, ಬೀಸಿದ್ದನ್ನು ನಡುವೆ ನಿಲ್ಲಿಸಬಾರದು. ಕಲಿಯುವಾಗ ಚೆಂಡೇ ಬೇಡ: ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಅದರಗುಂಟ ಹೆಜ್ಜೆ ಹೆಜ್ಜೆಗೂ ಬೀಸುತ್ತ, ಪ್ರತಿ ಸಲ ಮರಳು ಗೆರೆಯಲ್ಲೇ ಏಳುತ್ತದೆಯೇ ನೋಡಿದರಾಯಿತು. ಪಂದ್ಯದಲ್ಲಾದರೆ ಹೊಡೆಯುವ ಮುಂಚೆ ಕೋಲಿನಿಂದ ಮರಳು ಮುಟ್ಟಿ ಪರೀಕ್ಷಿಸುವಂತಿಲ್ಲ, ಹದ ತಿಳಿಯುವುದು ಅಂಗಾಲಿಗೆ. ಒಣ ಸಡಿಲ ಮರಳಾದರೆ ಕೋಲಿನ ಮುಖ ಬಿಚ್ಚಿ, ಮಂಡಿ ಮಡಿಸಿ ನಿಲ್ಲಬೇಕು. ಹಳ್ಳದಲ್ಲಿ ಈಚೆಗಷ್ಟೇ ನೀರು ಹರಿದು ಹೋಗಿದ್ದರೆ ಮರಳು ಗಟ್ಟಿಯಾಗಿರುತ್ತದೆ. ಆಗ ಮುಖವನ್ನು ನೇರ ಇಟ್ಟುಕೊಂಡು, ಬೀಸನ್ನು ಗಿಡ್ಡ ಮಾಡಬೇಕು.