ಗಣಕಯಂತ್ರದ ಜಾಲ ಸಂಪರ್ಕ ವಿವರಗಳ ಕಡತ: ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕೃತಗೊಂಡ ನಂತರ, ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರಗಳೂ ಸೇರಿದಂತೆ ಹಲವು ಸೇವೆಗಳು ಜಾಲ ಸಂಪರ್ಕವನ್ನು ಅವಲಂಬಿಸಿವೆ. ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯು ದಾಖಲಾಗಿ ಸ್ವೀಕೃತಿ ಸಂಖ್ಯೆ ದೊರೆತರೆ ಮಾತ್ರ ನಿಗದಿತ ಕಾಲಾವಧಿಯ ಎಣಿಕೆ ಸಾಧ್ಯವಾಗುತ್ತದೆ. ಹಾನುಬಾಳು, ಹೆತ್ತೂರು, ಯಸಳೂರು ಭಾಗದ ಒಂಟಿಮನೆಗಳಿಂದ ಬಂದವರು ಸಂಪರ್ಕವಿಲ್ಲದೆ ಹಿಂದಿರುಗಿದಲ್ಲಿ ಒಂದು ದಿನದ ಕೂಲಿ ನಷ್ಟವಾಗುವುದಲ್ಲದೆ, ಕೆಲವೊಮ್ಮೆ ವಿದ್ಯಾರ್ಥಿವೇತನದ ಕೊನೆಯ ದಿನಾಂಕವೂ ಕಳೆದುಹೋಗುತ್ತದೆ.

ರೂಢಿಯಲ್ಲಿ ‘ಸರ್ವರ್ ಇಲ್ಲ’ ಎಂದು ಹೇಳಲಾಗುವ ಎಲ್ಲ ಸಂದರ್ಭಗಳಲ್ಲಿಯೂ ದೋಷವು ಸರ್ವರ್‌ನಲ್ಲಿಯೇ ಇರುವುದಿಲ್ಲ. ತಂತಿ ಮಾರ್ಗ ಕಡಿದಿರಬಹುದು ಅಥವಾ ಎದುರಿನ ಗಣಕಯಂತ್ರದ ಒಂದು ಚಿಕ್ಕ ಕಡತದಲ್ಲಿನ ನಮೂದು ತಪ್ಪಾಗಿರಬಹುದು. ಸ್ವಂತ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರ ಹಾಗೂ ಸೇವಾ ಕೇಂದ್ರಗಳನ್ನು ನಡೆಸುವವರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ಕಡತದಲ್ಲಿರುವ ವಿವರಗಳು

ಜಾಲಕ್ಕೆ ಸೇರಲು ಗಣಕಯಂತ್ರಕ್ಕೆ ಮುಖ್ಯವಾಗಿ ನಾಲ್ಕು ವಿವರಗಳು ಅವಶ್ಯ. ಉದಾಹರಣೆಗೆ:

ಐಪಿ ವಿಳಾಸ: 192.168.1.20
ಸಬ್‌ನೆಟ್ ಮಾಸ್ಕ್: 255.255.255.0
ಗೇಟ್‌ವೇ: 192.168.1.1
ಡಿಎನ್‌ಎಸ್ ಸರ್ವರ್: 192.168.1.1

ಐಪಿ ವಿಳಾಸವು ಆ ಯಂತ್ರದ ಮನೆ ಸಂಖ್ಯೆಯಂತೆ. ಅದರ ಯಾವ ಭಾಗ ಬೀದಿಗೆ ಸೇರಿದ್ದು, ಯಾವ ಭಾಗ ಮನೆಗೆ ಸೇರಿದ್ದು ಎಂಬುದನ್ನು ಮಾಸ್ಕ್ ತಿಳಿಸುತ್ತದೆ. ಗೇಟ್‌ವೇ ಎಂಬುದು ಊರ ಹೊರಗೆ ಹೋಗುವ ದಾರಿ. ಸಾಮಾನ್ಯವಾಗಿ ಇದು ರೌಟರ್‌ನ ವಿಳಾಸವಾಗಿರುತ್ತದೆ. ಜಾಲತಾಣದ ಹೆಸರನ್ನು ಸಂಖ್ಯಾರೂಪದ ವಿಳಾಸಕ್ಕೆ ಪರಿವರ್ತಿಸಿ ಕೊಡುವುದು ಡಿಎನ್‌ಎಸ್ ಸರ್ವರ್‌ನ ಕಾರ್ಯ.

ಈ ವಿವರಗಳನ್ನು ಬಳಕೆದಾರರೇ ನಮೂದಿಸಬಹುದು. ಇದನ್ನು ಸ್ಥಿರ ವಿಳಾಸವೆನ್ನುತ್ತಾರೆ. ‘ಡಿಎಚ್‌ಸಿಪಿ’ ಎಂಬ ಕ್ರಮದಲ್ಲಿ ರೌಟರ್ ತಾನಾಗಿಯೇ ವಿವರಗಳನ್ನು ಒದಗಿಸುತ್ತದೆ. ಆಗ ಕಡತದಲ್ಲಿ ‘ವಿವರಗಳನ್ನು ಕೇಳಿ ಪಡೆ’ ಎಂಬ ಸೂಚನೆಯಷ್ಟೇ ಇದ್ದರೆ ಸಾಕು.

3. ಕಡತದ ಅವಶ್ಯಕತೆ ಮತ್ತು ಸ್ಥಳ

ಗಣಕಯಂತ್ರದ ಕಾರ್ಯಸ್ಮೃತಿಯಲ್ಲಿರುವುದೆಲ್ಲವೂ ವಿದ್ಯುತ್ ನಿಂತೊಡನೆ ಅಳಿಸಿಹೋಗುತ್ತದೆ. ಆದುದರಿಂದ ಕಾರ್ಯಾಚರಣ ವ್ಯವಸ್ಥೆಯು ಈ ವಿವರಗಳನ್ನು ಡಿಸ್ಕ್‌ನಲ್ಲಿ ಕಡತವಾಗಿ ಉಳಿಸಿಕೊಂಡು, ಪ್ರತಿ ಬಾರಿ ಚಾಲನೆಗೊಂಡಾಗ ಓದಿಕೊಳ್ಳುತ್ತದೆ.

(ಅ) ಲಿನಕ್ಸ್: ವಿವರಗಳು ‘ಇಟಿಸಿ’ ಎಂಬ ಕೋಶದಲ್ಲಿ ಪಠ್ಯರೂಪದಲ್ಲಿರುತ್ತವೆ. ಡೆಬಿಯನ್ ಪದ್ಧತಿಯಲ್ಲಿ ‘ಇಂಟರ್‌ಫೇಸಸ್’ ಎಂಬ ಕಡತವು ರೂಢಿಯಲ್ಲಿದೆ. ಉಬುಂಟು ವ್ಯವಸ್ಥೆಯು 2017ರಿಂದ ‘ನೆಟ್‌ಪ್ಲಾನ್’ ಪದ್ಧತಿಯನ್ನು ಅಳವಡಿಸಿಕೊಂಡಿದೆ. ನೆಟ್‌ವರ್ಕ್ ಮ್ಯಾನೇಜರ್ ಇರುವೆಡೆ ಸಾಮಾನ್ಯವಾಗಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಕಡತವಿರುತ್ತದೆ. ಡಿಎನ್‌ಎಸ್ ವಿವರಗಳು ‘ರಿಸಾಲ್ವ್ ಕಾನ್ಫ್’ ಕಡತದಲ್ಲಿರುತ್ತವೆ. ಈಗ ಬಹುತೇಕ ಯಂತ್ರಗಳಲ್ಲಿ ಈ ಕಡತವನ್ನು ವ್ಯವಸ್ಥೆಯೇ ಬರೆಯುವುದರಿಂದ, ಕೈಯಿಂದ ಮಾಡಿದ ತಿದ್ದುಪಡಿ ಮರುಚಾಲನೆಯ ನಂತರ ಉಳಿಯದೇ ಇರಬಹುದು.

(ಆ) ವಿಂಡೋಸ್: ವಿವರಗಳು ‘ರಿಜಿಸ್ಟ್ರಿ’ ಎಂಬ ದತ್ತಸಂಚಯದಲ್ಲಿರುತ್ತವೆ. ಇದು ಕೂಡ ಡಿಸ್ಕ್‌ನಲ್ಲಿ ಕಡತಗಳಾಗಿಯೇ ಇರುತ್ತದೆ. ಆದರೆ ಪಠ್ಯವಾಗಿ ತೆರೆದು ಓದಲು ಬಾರದು. ಸೆಟ್ಟಿಂಗ್ಸ್ ಪುಟದ ಮೂಲಕವೇ ಬದಲಾಯಿಸುವುದು ಸೂಕ್ತ.

(ಇ) ಹೋಸ್ಟ್ಸ್ ಕಡತ: ಎರಡೂ ವ್ಯವಸ್ಥೆಗಳಲ್ಲಿ ಈ ಪಠ್ಯ ಕಡತವಿದೆ. ಇದರಲ್ಲಿ ಯಾವುದೇ ಜಾಲತಾಣದ ಹೆಸರಿನ ಮುಂದೆ ವಿಳಾಸ ಬರೆದಿದ್ದಲ್ಲಿ, ಸಾಮಾನ್ಯವಾಗಿ ಡಿಎನ್‌ಎಸ್ ಸರ್ವರ್‌ನ್ನು ಕೇಳುವ ಮೊದಲೇ ಆ ವಿಳಾಸವನ್ನು ಬಳಸಲಾಗುತ್ತದೆ.

ಸೂಚನೆ: ವಿಳಾಸಗಳನ್ನು 1, 2, 3 ಎಂಬ ಅಂಕಿಗಳಲ್ಲಿಯೇ ನಮೂದಿಸತಕ್ಕದ್ದು. ಕೀಲಿಮಣೆಯು ಕನ್ನಡದಲ್ಲಿದ್ದು ೧, ೨, ೩ ಎಂದು ನಮೂದಾದಲ್ಲಿ ಅದನ್ನು ವಿಳಾಸವೆಂದು ಗುರುತಿಸಲಾಗುವುದಿಲ್ಲ.

4. ಮಳೆಗಾಲ ಮತ್ತು ವಿದ್ಯುತ್ ವ್ಯತ್ಯಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಮರ ಬಿದ್ದು ವಿದ್ಯುತ್ ನಿಲ್ಲುವುದು ಸಾಮಾನ್ಯ. ಕಡತವನ್ನು ಬರೆಯುತ್ತಿರುವಾಗಲೇ ವಿದ್ಯುತ್ ನಿಂತಲ್ಲಿ ಅರ್ಧ ಬರೆದ ಅಥವಾ ಖಾಲಿ ಕಡತ ಉಳಿಯುವ ಸಂಭವವಿದೆ. ಇದನ್ನು ತಪ್ಪಿಸಲು ಅನೇಕ ತಂತ್ರಾಂಶಗಳು ಹೊಸ ವಿವರಗಳನ್ನು ಮೊದಲು ತಾತ್ಕಾಲಿಕ ಕಡತದಲ್ಲಿ ಪೂರ್ಣವಾಗಿ ಬರೆದು, ಅನಂತರ ಅದಕ್ಕೆ ಮೂಲ ಕಡತದ ಹೆಸರನ್ನು ಕೊಡುತ್ತವೆ. ಎಲ್ಲ ತಂತ್ರಾಂಶಗಳೂ ಈ ಕ್ರಮವನ್ನು ಅನುಸರಿಸದಿರುವುದರಿಂದ, ಗುಡುಗು ಮಿಂಚಿನ ವೇಳೆಯಲ್ಲಿ ಅಥವಾ ಯುಪಿಎಸ್ ಇಲ್ಲದೆ ಸಂಪರ್ಕ ವಿವರಗಳನ್ನು ಬದಲಾಯಿಸಬಾರದು.

ರೌಟರ್ ಸಹ ಸೇವಾದಾರರು ನೀಡಿದ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ತನ್ನೊಳಗೆ ಉಳಿಸಿಕೊಂಡಿರುತ್ತದೆ. ಸಂಪರ್ಕವಿಲ್ಲವೆಂದು ಅದರ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ಆ ವಿವರಗಳು ಅಳಿಸಿಹೋಗುತ್ತವೆ. ಬದಲಿಗೆ ಸ್ವಿಚ್ ಆರಿಸಿ ಮತ್ತೆ ಹಾಕತಕ್ಕದ್ದು.

5. ದೋಷವನ್ನು ಗುರುತಿಸುವ ಕ್ರಮ

ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’, ಲಿನಕ್ಸ್‌ನಲ್ಲಿ ‘ಐಪಿ ಎ’ ಎಂಬ ಆದೇಶದಿಂದ ಯಂತ್ರದ ವಿಳಾಸವನ್ನು ನೋಡಬಹುದು.

(ಅ) ವಿಳಾಸವು 169.254 ಎಂದು ಆರಂಭವಾಗಿದ್ದಲ್ಲಿ ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ಕೇಬಲ್, ವೈಫೈ ಹಾಗೂ ರೌಟರ್‌ನ್ನು ಪರಿಶೀಲಿಸತಕ್ಕದ್ದು.

(ಆ) ವಿಳಾಸ ಸರಿಯಿದ್ದೂ ಯಾವ ಜಾಲತಾಣವೂ ತೆರೆಯದಿದ್ದಲ್ಲಿ, ಮೊಬೈಲ್ ಡೇಟಾವನ್ನು ನಿಲ್ಲಿಸಿ, ಅದೇ ವೈಫೈಗೆ ಮೊಬೈಲ್ ಜೋಡಿಸಿ ನೋಡಬೇಕು. ಮೊಬೈಲ್‌ನಲ್ಲಿ ತೆರೆದರೆ ದೋಷವು ಗಣಕಯಂತ್ರದ ಗೇಟ್‌ವೇ ಅಥವಾ ಡಿಎನ್‌ಎಸ್ ನಮೂದಿನಲ್ಲಿರುವ ಸಂಭವ ಹೆಚ್ಚು. ಅದರಲ್ಲಿಯೂ ತೆರೆಯದಿದ್ದರೆ ರೌಟರ್ ಅಥವಾ ಹೊರಗಿನ ಮಾರ್ಗದಲ್ಲಿ ದೋಷವಿರಬಹುದು. ಸೇವಾದಾರರಿಗೆ ದೂರು ನೀಡಬೇಕು.

(ಇ) ಇತರ ಜಾಲತಾಣಗಳು ತೆರೆದು ಇಲಾಖೆಯದು ಮಾತ್ರ ಎರಡೂ ಸಾಧನಗಳಲ್ಲಿ ತೆರೆಯದಿದ್ದಲ್ಲಿ, ದೋಷವು ಸರ್ವರ್‌ನ ಕಡೆ ಇರುವ ಸಂಭವ ಹೆಚ್ಚು.

(ಈ) ಆಲೂರಿನಲ್ಲಿ ಸ್ಥಿರ ವಿಳಾಸ ನೀಡಿದ ಲ್ಯಾಪ್‌ಟಾಪ್ ಪಾಳ್ಯದಲ್ಲಿ ಕೆಲಸ ಮಾಡದಿರಬಹುದು, ಏಕೆಂದರೆ ಎರಡು ಸ್ಥಳಗಳ ಗೇಟ್‌ವೇ ಬೇರೆಯಾಗಿರಬಹುದು. ಇಂತಹ ಯಂತ್ರಗಳನ್ನು ಡಿಎಚ್‌ಸಿಪಿ ಕ್ರಮಕ್ಕೆ ಬದಲಾಯಿಸುವುದು ಸೂಕ್ತ.

6. ಎಚ್ಚರಿಕೆ

ಈ ಕಡತಗಳನ್ನು ದುರುದ್ದೇಶದಿಂದ ತಿದ್ದಿದಲ್ಲಿ ಸರಿಯಾದ ಹೆಸರನ್ನು ಬೆರಳಚ್ಚಿಸಿದರೂ ನಕಲಿ ಜಾಲತಾಣ ತೆರೆಯಬಹುದು. ‘ಡಿಎನ್‌ಎಸ್ ಚೇಂಜರ್’ ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ಸುಮಾರು 40 ಲಕ್ಷ ಗಣಕಯಂತ್ರಗಳ ಡಿಎನ್‌ಎಸ್ ನಮೂದನ್ನು ಬದಲಾಯಿಸಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಜಾಲವನ್ನು ಭೇದಿಸಿತು. ಬಾಧಿತ ಯಂತ್ರಗಳಿಗಾಗಿ ನಡೆಸಲಾಗುತ್ತಿದ್ದ ಬದಲಿ ಸರ್ವರ್‌ಗಳನ್ನು 2012ರ ಜುಲೈ 9ರಂದು ನಿಲ್ಲಿಸಿದಾಗ, ಅಲ್ಲಿಯವರೆಗೂ ನಮೂದು ಸರಿಪಡಿಸಿಕೊಳ್ಳದವರಿಗೆ ಜಾಲತಾಣಗಳು ತೆರೆಯದಾದವು.

ಆದ್ದರಿಂದ ಆಧಾರ್ ಸಂಖ್ಯೆ ಅಥವಾ ಒಟಿಪಿ ನಮೂದಿಸುವ ವೇಳೆ ಬ್ರೌಸರ್ ಭದ್ರತಾ ಎಚ್ಚರಿಕೆ ತೋರಿಸಿದಲ್ಲಿ ಮುಂದುವರಿಯಬಾರದು. ತಾವು ಬರೆಯದ ನಮೂದುಗಳು ಹೋಸ್ಟ್ಸ್ ಕಡತದಲ್ಲಿ ಕಂಡುಬಂದಲ್ಲಿ ತಿಳಿದವರಿಂದ ಪರಿಶೀಲಿಸಿಕೊಳ್ಳಬೇಕು. ಹಣ ವಂಚನೆಯಾಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

7. ಬದಲಾವಣೆಗೆ ಮುನ್ನ

ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ನಾಲ್ಕು ವಿವರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಪಠ್ಯ ಕಡತವಾದಲ್ಲಿ ಬೇರೆ ಹೆಸರಿನಲ್ಲಿ ಪ್ರತಿ ತೆಗೆದಿಡಬೇಕು. ಒಮ್ಮೆಗೆ ಒಂದೇ ನಮೂದನ್ನು ಬದಲಾಯಿಸಿ ಪರೀಕ್ಷಿಸಬೇಕು. ಸರ್ಕಾರಿ ಕಚೇರಿಗಳ ಗಣಕಯಂತ್ರಗಳಲ್ಲಿ ಅಧಿಕೃತ ಸಿಬ್ಬಂದಿಯ ಹೊರತು ಇತರರು ಈ ವಿವರಗಳನ್ನು ಬದಲಾಯಿಸುವಂತಿಲ್ಲ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.