ಮೂರನೆಯ ರೈಡ್: ಮುಂಬಯಿ ಕಬಡ್ಡಿಯ ಆಕ್ರಮಣ ತಂತ್ರದಲ್ಲಿ ಒಂದು ನಿಯಮದ ಪಾತ್ರ

ಕಬಡ್ಡಿಯಲ್ಲಿ ದಾಳಿಯ ರೀತಿ ಏಕೆ ಬದಲಾಯಿತು ಎಂದು ಕೇಳಿದರೆ ರೂಢಿಯಲ್ಲಿ ಒಂದೇ ಉತ್ತರ ಸಿಗುತ್ತದೆ. ಮಣ್ಣು ಹೋಗಿ ಮ್ಯಾಟ್ ಬಂತು, ದೂರದರ್ಶನದ ಪ್ರೇಕ್ಷಕ ಬಂದ, ತಾಳ್ಮೆಯ ಆಟ ಅಳಿದು ವೇಗದ ಆಟ ಉಳಿಯಿತು. ಇದರ ಪೂರ್ವಾರ್ಧದ ಬಗ್ಗೆ ತಕರಾರಿಲ್ಲ. ಮಹಾರಾಷ್ಟ್ರದಲ್ಲಿ ಹುತುತು ಎನಿಸಿಕೊಂಡಿದ್ದ ಈ ಆಟ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಿಯಮಬದ್ಧವಾಗುತ್ತ ಬಂದದ್ದು, 1990ರಲ್ಲಿ ಕಬಡ್ಡಿ ಬೀಜಿಂಗ್ ಏಷ್ಯನ್ ಗೇಮ್ಸ್‌ನ ಪದಕದ ಆಟವಾದದ್ದು, 2014ರ ಜುಲೈ 26ರಂದು ಮುಂಬಯಿಯ ವರ್ಲಿಯಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದದ್ದು ಎಲ್ಲರಿಗೂ ಗೊತ್ತಿದೆ. ಮುಂಬಯಿಯ ಕಬಡ್ಡಿ ಬಹುಕಾಲ ಕಚೇರಿ, ಕಾರ್ಖಾನೆಗಳ ತಂಡಗಳ ಬಲದಲ್ಲಿ ನಿಂತಿತ್ತೆಂಬುದೂ ನಿರ್ವಿವಾದ. ಉಪನಗರ ಮಲಾಡಿನ ನೆರೆಯ ಕಾಂದಿವಲಿಯಲ್ಲಿ ಕಾರ್ಖಾನೆ ಇರುವ ಮಹೀಂದ್ರ ಸಂಸ್ಥೆ ಅಂಥ ತಂಡವೊಂದನ್ನು ಪೋಷಿಸಿತು. ಅದರ ಮುಖ್ಯಸ್ಥ ಆನಂದ್ ಮಹೀಂದ್ರ ಅವರೇ ಚಾರು ಶರ್ಮ ಅವರೊಂದಿಗೆ ಲೀಗನ್ನು ಕಟ್ಟಿದರು.

ನನ್ನ ಭಿನ್ನಾಭಿಪ್ರಾಯ ಇರುವುದು ಉತ್ತರಾರ್ಧದ ಬಗ್ಗೆ. ತಾಳ್ಮೆ ಅಳಿಯಲಿಲ್ಲ, ಅದನ್ನು ಎಲ್ಲಿ, ಯಾರು ಖರ್ಚು ಮಾಡಬೇಕೆಂಬ ಲೆಕ್ಕ ಬದಲಾಯಿತು. ಬದಲಿಸಿದ್ದು ಮ್ಯಾಟ್‌ಗಿಂತ ಹೆಚ್ಚಾಗಿ ಲೀಗಿನ ಜೊತೆ ಬಂದ 'ಮಾಡು ಇಲ್ಲವೇ ಮಡಿ' ನಿಯಮ.

ನಿಯಮ ಸರಳವಾಗಿದೆ. ತಂಡವೊಂದರ ಎರಡು ರೈಡ್‌ಗಳು ಸತತವಾಗಿ ಅಂಕವಿಲ್ಲದೆ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ಬರಲೇಬೇಕು. ಇಲ್ಲದಿದ್ದರೆ ರೈಡರ್ ಔಟ್, ಎದುರಾಳಿಗೆ ಒಂದು ಅಂಕ. ಇದನ್ನು ಕೇವಲ ಅವಸರದ ನಿಯಮವೆಂದು ಓದುವವರು ಅದರ ಪಕ್ಕದಲ್ಲೇ ಇರುವ ಇನ್ನೆರಡು ನಿಯಮಗಳನ್ನು ಮರೆಯುತ್ತಾರೆ. ಎದುರಿಗೆ ಆರು ಅಥವಾ ಹೆಚ್ಚು ಡಿಫೆಂಡರ್‌ಗಳಿದ್ದರೆ ಮಾತ್ರ ಬೋನಸ್ ಗೆರೆ ದಾಟಿದ್ದಕ್ಕೆ ಅಂಕ. ಮೂವರು ಅಥವಾ ಅದಕ್ಕಿಂತ ಕಡಿಮೆ ಉಳಿದವರು ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಅಂದರೆ ಎರಡು ಅಂಕ. ಮೂರನ್ನೂ ಕೂಡಿಸಿ ನೋಡಿದಾಗ ಚಿತ್ರವೇ ಬೇರೆ. ಏಳು ಮಂದಿಯ ಎದುರು ಮೂರನೆಯ ರೈಡನ್ನು ಕಾಲ್ಬೆರಳಿನ ತುದಿಯ ಒಂದು ಬೋನಸ್‌ನಿಂದ ಉಳಿಸಿಕೊಳ್ಳಬಹುದು. ಐವರ ಎದುರು ಮುಟ್ಟದೆ ಗತಿಯಿಲ್ಲ. ಮೂವರ ಎದುರು ಮುಟ್ಟಲು ಹೋಗಿ ಸಿಕ್ಕಿಬಿದ್ದರೆ ನಷ್ಟ ಇಮ್ಮಡಿ. ಹಾಗಾಗಿ ಮೂವರಿಗೆ ಇಳಿದ ತಂಡ ಆತುರಪಡದೆ, ಬಲಿಷ್ಠ ಎದುರಾಳಿಯ ಮೂರನೆಯ ರೈಡಿಗಾಗಿ ಕಾದು ಕೂರುವುದು ಲಾಭದಾಯಕ. ಅವಸರ ತರಲೆಂದು ಮಾಡಿದ ನಿಯಮ ಕಾಯುವಿಕೆಗೂ ಬೆಲೆ ಕಟ್ಟಿತು.

ಇಲ್ಲಿಂದ ನನ್ನ ಮುಖ್ಯ ವಾದ: ಖಾಲಿ ರೈಡ್ ವೈಫಲ್ಯವಾಗಿ ಉಳಿಯದೆ ಯೋಜಿತ ವೆಚ್ಚವಾಯಿತು, ಮೂರನೆಯ ರೈಡಿಗೆಂದೇ ಒಬ್ಬ ಪರಿಣತ ಹುಟ್ಟಿದ. ಅದಕ್ಕೆ ಉತ್ತಮ ನಿದರ್ಶನ ಮುಂಬಯಿಯ ರಿಶಾಂಕ್ ದೇವಾಡಿಗ. ಹೆಸರೇ ಕರಾವಳಿಯ ನಂಟನ್ನು ಹೇಳುತ್ತದೆ. ಸಾಂತಾಕ್ರೂಜ್‌ನಿಂದ ಮಲಾಡ್ ದಾಟಿ ದಹಿಸರ್‌ವರೆಗಿನ ತುಳು-ಕನ್ನಡಿಗರಿಗೆ ಈ ಆಟಗಾರನ ಮೇಲಿರುವ ಅಭಿಮಾನ ಸಹಜವಾದದ್ದು. ಲೀಗಿನ ಮುಂಬಯಿ ತಂಡವಾದ ಯು ಮುಂಬಾದಲ್ಲಿ ನಾಯಕ ಅನೂಪ್ ಕುಮಾರ್ ಬೋನಸ್‌ನ ಮೇಲೆ ಆಟವನ್ನು ಹಿಡಿದಿಟ್ಟರೆ, ಇಕ್ಕಟ್ಟಿನ ಮೂರನೆಯ ರೈಡ್ ಹಲವು ಸಲ ದೇವಾಡಿಗರ ಪಾಲಿಗೆ ಬರುತ್ತಿತ್ತು. ಆ ಕೆಲಸದಿಂದಲೇ ಅವರು ಹೆಸರಾದರು. 2017ರಲ್ಲಿ ಯುಪಿ ಯೋಧಾ ತಂಡದ ಪರ ಒಂದೇ ಪಂದ್ಯದಲ್ಲಿ 28 ರೈಡ್ ಅಂಕ ಗಳಿಸಿದಾಗ ಅದು ಲೀಗಿನ ದಾಖಲೆಯಾಗಿತ್ತು.

ಅಮೆರಿಕನ್ ಫುಟ್‌ಬಾಲಿನ ಇತಿಹಾಸ ಈ ಓದಿಗೆ ಬಲ ಕೊಡುತ್ತದೆ. 1881ರಲ್ಲಿ ಪ್ರಿನ್ಸ್‌ಟನ್ ಮತ್ತು ಯೇಲ್ ತಂಡಗಳು ತಲಾ ಅರ್ಧ ಆಟ ಚೆಂಡನ್ನು ಸುಮ್ಮನೆ ಹಿಡಿದು ಕುಳಿತವು. ಮರುವರ್ಷ ನಿಯಮ ರೂಪಕ ವಾಲ್ಟರ್ ಕ್ಯಾಂಪ್ ಅವರ ಒತ್ತಾಸೆಯಿಂದ ಮೂರು ಯತ್ನಗಳಲ್ಲಿ 5 ಗಜ ಸಾಗಬೇಕೆಂಬ ನಿಯಮ ಬಂತು; ಸಾಗದಿದ್ದರೆ ಚೆಂಡು ಎದುರಾಳಿಗೆ. 1912ರಲ್ಲಿ ನಾಲ್ಕನೆಯ ಯತ್ನ ಸೇರಿತು. ಅಲ್ಲಿಯೂ ಯತ್ನಗಳಿಗೆ ಮಿತಿ ಬಿದ್ದೊಡನೆ ಪ್ರತಿ ಯತ್ನಕ್ಕೂ ಬೇರೆ ಬೆಲೆ, ಬೇರೆ ತಂತ್ರ ಹುಟ್ಟಿಕೊಂಡಿತು.

ಆದರೆ ಈ ವಾದವನ್ನು ಅಳತೆ ಮೀರಿ ಎಳೆಯಬಾರದು. ಅಂಕಗಳು ಒಬ್ಬನೇ ರೈಡರ್‌ನ ಪಾಲಾಗುತ್ತ ಬಂದದ್ದಕ್ಕೆ ಈ ನಿಯಮವೊಂದೇ ಕಾರಣವಲ್ಲ. 2019ರ ಜನವರಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ವಿರುದ್ಧ 38-33ರಿಂದ ಗೆದ್ದಾಗ 22 ಅಂಕಗಳು ಪವನ್ ಸೆಹ್ರಾವತ್ ಒಬ್ಬರವೇ. 2014ರಲ್ಲಿ ಅನೂಪ್ 16 ಪಂದ್ಯಗಳಿಂದ 155 ರೈಡ್ ಅಂಕ ಗಳಿಸಿ ಅಗ್ರಸ್ಥಾನದಲ್ಲಿದ್ದರು. 2017ರಲ್ಲಿ ಪರ್ದೀಪ್ ನರ್ವಾಲ್ ಗಳಿಸಿದ್ದು 26 ಪಂದ್ಯಗಳಿಂದ 369. ಪಂದ್ಯಕ್ಕೆ ಸುಮಾರು 10ರಿಂದ 14ಕ್ಕೆ ಏರಿದ ಈ ಸರಾಸರಿಯನ್ನು ಮೂರನೆಯ ರೈಡಿನ ನಿಯಮವೊಂದೇ ವಿವರಿಸಲಾರದು. ಹರಾಜಿನಲ್ಲಿ ಒಬ್ಬನ ಮೇಲೆ ಹೂಡುವ ಹಣ, ಹೆಚ್ಚಿದ ತಂಡಗಳು, ಆಟಗಾರನ ಪ್ರತಿಭೆ ಎಲ್ಲವೂ ಅದರಲ್ಲಿ ಕೂಡಿವೆ. ನಿಯಮ ಪಾತ್ರಗಳನ್ನು ವಿಂಗಡಿಸಿತೆಂದು ಮಾತ್ರ ನಾನು ಹೇಳಬಲ್ಲೆ. ಆ ಪಾತ್ರಗಳಲ್ಲಿ ಒಂದಾದ ಮುಖ್ಯ ರೈಡರ್‌ನದು ಇಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಕಾರಣವನ್ನು ಬೇರೆಡೆಯೂ ಹುಡುಕಬೇಕು.

ಇಂಥ ವಿಂಗಡಣೆಯ ಬೀಜ 2014ಕ್ಕೂ ಮೊದಲೇ ಕಚೇರಿ ತಂಡಗಳಲ್ಲಿ ಇತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಲೀಗಿನ ಅಂಕಿಅಂಶಗಳಲ್ಲಿ ಸಿಗದು. ಮಲಾಡ್-ಕಾಂದಿವಲಿಯ ಕ್ರೀಡಾ ಮಂಡಳಗಳ ಹಳೆಯ ಸ್ಕೋರ್ ಪುಸ್ತಕಗಳನ್ನು ರೈಡ್ ರೈಡಾಗಿ, ಖಾಲಿ ಹೋದವುಗಳನ್ನೂ ಬಿಡದೆ, ಓದಬೇಕಾಗಿದೆ.